ವಾಲ್ ದಿಝೇರ್: ಸ್ಕೀ ಬಾರದವರು, ಮಗು, ಹಿರಿಯರು ಎಲ್ಲರೂ ಕೂಡಿ ಹೋಗಲು ಸರಿಯಾದ ಊರೇ?

ಕುಕ್ಕರಹಳ್ಳಿ_ಕೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಪ್ಯಾರಿಸ್‌ನಲ್ಲಿದ್ದೇವೆ: ನಾನು, ನಮ್ಮ ಯಜಮಾನರು, ಏಳು ವರ್ಷದ ಮಗಳು. ಈ ಸಲ ಮೈಸೂರಿನಿಂದ ಅತ್ತೆ ಮಾವ ಬರುತ್ತಿದ್ದಾರೆ. ಇಬ್ಬರಿಗೂ 65 ದಾಟಿದೆ, ಮಾವನಿಗೆ ಬಿ.ಪಿ. ಮಾತ್ರೆ ಇದೆ, ನಡಿಗೆಗೆ ತೊಂದರೆಯಿಲ್ಲ. ಮಗಳ ಶಾಲೆಯ ರಜೆಯಲ್ಲಿ ಒಂದು ವಾರ ಆಲ್ಪ್ಸ್ ಬೆಟ್ಟಗಳ ಸ್ಕೀ ಊರಾದ ವಾಲ್ ದಿಝೇರ್‌ಗೆ ಹೋಗುವ ಯೋಚನೆ. ಎತ್ತರದ ಊರು, ಹಿಮ ಖಾತ್ರಿ, ಕಲ್ಲಿನ ಮನೆಗಳ ಹಳೇ ಹಳ್ಳಿ, ಸಂಜೆಯಾದರೆ ಬೀದಿ ತುಂಬ ಗೆಲುವು ಎಂದು ಕೆಲವರು ಹೊಗಳುತ್ತಾರೆ. ‘ಅದು ಪಳಗಿದವರ ಜಾಗ, ಹೊಸಬರಿಗಲ್ಲ’ ಎನ್ನುವವರೂ ಇದ್ದಾರೆ.

ಯಜಮಾನರು ನೀಲಿ ಪಿಸ್ಟ್ (ಗುರುತು ಹಾಕಿದ ಸ್ಕೀ ದಾರಿ; ಹಸಿರು ತೀರಾ ಸುಲಭ, ನೀಲಿ ಸುಲಭ, ಕೆಂಪು ಕಷ್ಟ) ಇಳಿಯಬಲ್ಲರು. ನನಗೂ ಮಗಳಿಗೂ ಇದೇ ಮೊದಲು. ತಿಳಿದವರು ದಯವಿಟ್ಟು ಹೇಳಿ: ಫೆಬ್ರವರಿ ರಜೆಯೋ ಏಪ್ರಿಲ್ ರಜೆಯೋ? ಕಲಿಯುವವರು ಯಾವ ಬೆಟ್ಟಕ್ಕೆ ಹೋಗಬೇಕು? ರೈಲೋ ಕಾರೋ? ಅತ್ತೆ ಮಾವ ಮೊಟ್ಟೆಯನ್ನೂ ತಿನ್ನುವುದಿಲ್ಲ, ಅವರ ಊಟ ಹೇಗೆ, ಹಗಲು ಹೊತ್ತು ಅವರಿಗೆ ಅಲ್ಲಿ ಏನಿದೆ? ಬೂಟು, ಸ್ಕೀ ಬಾಡಿಗೆಗೆ ತೆಗೆದುಕೊಳ್ಳುವಾಗ ಏನು ನೋಡಬೇಕು?

ಇಝೇರ್_ಕಣಿವೆ:

‘ಹೊಸಬರಿಗಲ್ಲ’ ಎನ್ನುವ ಮಾತು ಅರ್ಧ ನಿಜ. ಆ ಅರ್ಧ ಯಾವುದು ಎಂದು ಹೊರಡುವ ಮೊದಲೇ ತಿಳಿದುಕೊಂಡರೆ ನಿಮ್ಮ ವಾರ ಚೆನ್ನಾಗಿ ಕಳೆಯುತ್ತದೆ.

ಊರು ಇರುವುದು 1,850 ಮೀಟರ್ ಎತ್ತರದಲ್ಲಿ, ಇಕ್ಕಟ್ಟಾದ ಕಣಿವೆಯ ತಳದಲ್ಲಿ. ಒಂದು ಕಡೆ ಬೆಲ್ವಾರ್ದ್ ಬೆಟ್ಟ (2,827 ಮೀ.), ಅದರ ಎದುರಿಗೆ ಸೊಲೇಝ್ (ಸುಮಾರು 2,550 ಮೀ.), ಕಣಿವೆಯ ಮೇಲ್ತುದಿಯಲ್ಲಿ ಲೆ ಫೋರ್ನೆ ಹಳ್ಳಿ. ಸುಲಭದ ಇಳಿಜಾರುಗಳೆಲ್ಲ ಈ ಬೆಟ್ಟಗಳ ನೆತ್ತಿಯಲ್ಲಿ, ಮರಗಳ ಸಾಲು ಮುಗಿದ ಮೇಲಿನ ತೆರೆದ ಬಯಲಿನಲ್ಲಿವೆ. ಆ ಬಯಲಿನಿಂದ ಊರಿಗೆ ಇಳಿಯುವ ಕೊನೆಯ 700ರಿಂದ 1,000 ಮೀ. ಎತ್ತರದ ಇಳಿಜಾರೇ ಕಡಿದು. ಬೇರೆ ಎಷ್ಟೋ ಸ್ಕೀ ಊರುಗಳಲ್ಲಿ ಕೆಳಗೆ ಸುಲಭ, ಮೇಲೆ ಹೋದಂತೆ ಕಷ್ಟ. ಇಲ್ಲಿ ತಿರುವುಮುರುವು.

ಹೀಗಾಗಿ ಹೊಸಬರು ಇಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಮಧ್ಯಾಹ್ನ ನಾಲ್ಕರ ಸುಮಾರಿಗೆ. ದಿನವೆಲ್ಲ ಮೇಲೆ ಹಸಿರು, ನೀಲಿ ಪಿಸ್ಟ್‌ಗಳಲ್ಲಿ ಆರಾಮವಾಗಿ ಇದ್ದವರು ‘ಮನೆಗೆ ಸ್ಕೀ ಮಾಡಿಕೊಂಡೇ ಹೋಗೋಣ’ ಎಂದು ಹೊರಡುತ್ತಾರೆ. ಬೆಲ್ವಾರ್ದ್ ಕಡೆಯಿಂದ ಇಳಿಯುವ ಸಾಂತೋಂ ಎನ್ನುವ ದಾರಿ ನಡುವೆ ಕೊರಕಲಿನಂತೆ ಕಿರಿದಾಗುತ್ತದೆ. ಅಷ್ಟು ಹೊತ್ತಿಗೆ ಸಾವಿರಾರು ಸ್ಕೀಗಳು ಮೇಲಿನ ಹಿಮವನ್ನು ಕೆರೆದು ಹಾಕಿರುತ್ತವೆ. ಕೆಳಗೆ ಉಳಿಯುವುದು ಗಟ್ಟಿ ಮಂಜುಗಡ್ಡೆ, ಬದಿಗಳಲ್ಲಿ ಹಿಮದ ಗುಪ್ಪೆ, ಜೊತೆಗೆ ಜನಸಂದಣಿ. ಊರಿನ ಕೆಳತುದಿಯ ಲಾ ದಾಯ್ ಬಡಾವಣೆಯ ಕಡೆಗೆ ಇಳಿಯುವ ‘ವೆರ್ತ್’ ಹೆಸರಿನಲ್ಲೇ ಹಸಿರು, ಸಂಜೆ ಅದರ ಪಾಡೂ ಇದೇ. ಫೋರ್ನೆ ಕಡೆಯ ಮಂಗಾರ್ ಕೂಡ ನಕ್ಷೆಯ ಬಣ್ಣ ಸೂಚಿಸುವುದಕ್ಕಿಂತ ಒಂದು ಮೆಟ್ಟಿಲು ಗಟ್ಟಿ. ಒಟ್ಟಾರೆ ಈ ಊರಿನ ಬಣ್ಣಗಳು ಬಿಗಿ. ಇಲ್ಲಿನ ನೀಲಿ ಎಷ್ಟೋ ಕಡೆ ಕೆಂಪಿಗೆ ಸಮ. ಯಜಮಾನರು ಮೊದಲ ದಿನ ಹಸಿರಿನಿಂದಲೇ ಶುರು ಮಾಡಲಿ.

ಬೆಳಿಗ್ಗೆ ಲಿಫ್ಟ್‌ನಲ್ಲಿ ಹತ್ತಿ, ಮೇಲೆಯೇ ಸ್ಕೀ ಮಾಡಿ, ಸಂಜೆ ಲಿಫ್ಟ್‌ನಲ್ಲೇ ಇಳಿಯಿರಿ. ಸೊಲೇಝ್ ಗೊಂಡೋಲ (ಹಗ್ಗದ ಮೇಲೆ ಓಡುವ ಮುಚ್ಚಿದ ಡಬ್ಬಿ), ಒಲಿಂಪಿಕ್ ಗೊಂಡೋಲ, ಫೋರ್ನೆಯ ಕೇಬಲ್ ಕಾರ್, ಲಾ ದಾಯ್ ಗೊಂಡೋಲ, ಎಲ್ಲವೂ ಕೆಳಕ್ಕೂ ಜನರನ್ನು ಒಯ್ಯುತ್ತವೆ. ಪಳಗಿದವರೂ ಸಂಜೆ ಹೀಗೇ ಇಳಿಯುತ್ತಾರೆ, ಸಂಕೋಚಪಡುವಂಥದ್ದು ಏನೂ ಇಲ್ಲ. ಕೆಳಗಿಳಿಯುವ ಕೊನೆಯ ಗೊಂಡೋಲದ ಸಮಯ ನಿಲ್ದಾಣದ ಫಲಕದಲ್ಲಿರುತ್ತದೆ. ಬೆಳಿಗ್ಗೆ ಹತ್ತುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಕಲಿಯುವ ಜಾಗಗಳು: ಊರಿನ ಬುಡದಲ್ಲೇ ಕೆಲವು ಪುಟ್ಟ ಲಿಫ್ಟ್‌ಗಳು ಉಚಿತ, ಅವಕ್ಕೆ ಪಾಸ್ ಬೇಕಿಲ್ಲ. ಮೊದಲ ದಿನ ನೀವೂ ಮಗಳೂ ಅಲ್ಲಿರಿ. ಎರಡನೆಯ ದಿನದಿಂದ ಸೊಲೇಝ್ ನೆತ್ತಿಗೆ ಹೋಗಿ. 2016ರಲ್ಲಿ ಹೊಸ ಗೊಂಡೋಲ ಬಂದಾಗ ಆ ಬಯಲನ್ನು ಹೊಸಬರಿಗಾಗಿಯೇ ಸಜ್ಜುಗೊಳಿಸಿದರು. ನಿಂತರೆ ಸಾಕು, ಚಲಿಸುವ ಪಟ್ಟಿ ಮೇಲಕ್ಕೆ ಒಯ್ಯುತ್ತದೆ, ಸುತ್ತ ಸಪಾಟಾದ ಜಾಗವಿದೆ, ಪಕ್ಕದಲ್ಲೇ ಬೆಚ್ಚಗೆ ಕೂರಲು ಕೋಣೆ. ಅಲ್ಲಿಂದ ಮುಂದಿನ ಹೆಜ್ಜೆ ಮಾದ್ಲೇನ್ ಎಂಬ ಹಸಿರು ಪಿಸ್ಟ್. ಅದು ಅಗಲ, ಇಳಿತ ಒಂದೇ ಸಮ, ಅದಕ್ಕೆ ತನ್ನದೇ ಚೇರ್‌ಲಿಫ್ಟ್ ಇದೆ. ಅದನ್ನು ನಿಲ್ಲದೆ ಇಳಿಯಲು ಬರುವವರೆಗೆ ಬೇರೆಡೆ ಹೋಗುವ ಆಸೆ ಬೇಡ.

ಯಜಮಾನರಿಗೆ ಬೆಲ್ವಾರ್ದ್ ಹಿಂಬದಿಯ ಗ್ರಾಂ ಪ್ರೇ, ಬೋರ್ಸಾ ಕಡೆ ಹಿಡಿಸಬಹುದು. ಹವಾ ತಿಳಿಯಾಗಿದ್ದರೆ ಫೋರ್ನೆ ಮೇಲಿನ ಪಿಸ್ಸಾಯಾ ಹಿಮನದಿಯ ಕೆಳಗಿನ ಅಗಲವಾದ ನೀಲಿಗಳು ಇನ್ನೂ ಚೆನ್ನ. ಸೊಲೇಝ್‌ನಿಂದ ಫೋರ್ನೆಗೆ ದಾಟಿಸುವ ಲೆಸ್ಸಿಯೇರ್ ಚೇರ್‌ಲಿಫ್ಟ್ ಮಾತ್ರ ವಿಚಿತ್ರ: ಕಡಿದಾದ ಏಣನ್ನು ಹತ್ತಿ, ಯಾರನ್ನೂ ಇಳಿಸದೆ ಆಚೆ ಬದಿಗೆ ನೇರ ಇಳಿಯುತ್ತದೆ. ಎತ್ತರಕ್ಕೆ ಹೆದರುವವರು ಬೇಡ. ಊರಿಗಿಳಿದು ಉಚಿತ ಬಸ್ಸಿನಲ್ಲಿ ಫೋರ್ನೆಗೆ ಹೋಗಿ ಅಲ್ಲಿಂದ ಹತ್ತಲಿ.

ಪಕ್ಕದ ಸ್ಕೀ ಊರು ತೀನ್ ಜೊತೆ ಸೇರಿ ಒಟ್ಟು 300 ಕಿ.ಮೀ. ಪಿಸ್ಟ್, 1,550 ಮೀ.ನಿಂದ 3,456 ಮೀ.ವರೆಗೆ. ನಿಮಗೆ ಮೊದಲ ವಾರದಲ್ಲಿ ಅಷ್ಟು ಬೇಕಿಲ್ಲ. ಯಜಮಾನರು ತೊಮ್ಮ್ಯೂಝ್ ಚೇರ್‌ಲಿಫ್ಟ್ ಹಿಡಿದು ತೀನ್ ಕಡೆ ಹೋದರೆ ಮೂರು ಗಂಟೆಗೆಲ್ಲ ವಾಪಸು ಹೊರಡಲಿ. ಸಂಪರ್ಕದ ಲಿಫ್ಟ್ ನಿಂತುಹೋದರೆ ಅಣೆಕಟ್ಟು ಸುತ್ತಿ ಟ್ಯಾಕ್ಸಿಯಲ್ಲಿ ಬರಬೇಕಾಗುತ್ತದೆ, ಬಾಡಿಗೆ ದುಬಾರಿ. ಗಾಳಿ ಜೋರಾದರೆ ಈ ಏಣಿನ ಲಿಫ್ಟ್‌ಗಳೇ ಮೊದಲು ನಿಲ್ಲುವುದು.

ಹಿಮಗಾಲು:

ಯಾವ ರಜೆ ಎಂಬುದಕ್ಕೆ ನನ್ನ ಉತ್ತರ ಏಪ್ರಿಲ್. ನಿಮ್ಮ ಮನೆಮಂದಿಗಂತೂ ಖಂಡಿತ ಏಪ್ರಿಲ್.

ಫ್ರಾನ್ಸಿನ ಫೆಬ್ರವರಿ ರಜೆ ಎ, ಬಿ, ಸಿ ಎಂದು ಮೂರು ವಲಯಗಳಿಗೆ ಸರದಿಯಲ್ಲಿ ಬರುತ್ತದೆ, ಒಂದೊಂದಕ್ಕೆ ಎರಡು ವಾರ. ಪ್ಯಾರಿಸ್ ಸಿ ವಲಯ. ಸಿ ವಲಯದ ಒಂದು ವಾರವಾದರೂ ಬೇರೆ ವಲಯದ ರಜೆಯ ಮೇಲೆ ಬೀಳುತ್ತದೆ. ಆಗ ಲಿಫ್ಟ್ ಸಾಲು, ಬಾಡಿಗೆ, ಸ್ಕೀ ಶಾಲೆ ಎಲ್ಲವೂ ತುಂಬಿ ತುಳುಕುತ್ತವೆ. ಮೇಲಾಗಿ ಮೈಸೂರಿನಿಂದ ಬಂದವರಿಗೆ ಫೆಬ್ರವರಿಯ ಚಳಿ ಸುಲಭವಲ್ಲ, ನೆತ್ತಿಯಲ್ಲಿ −15° ಸೆ. ಅಪರೂಪವೇನಲ್ಲ.

ತಗ್ಗಿನ ಊರುಗಳಲ್ಲಿ ಏಪ್ರಿಲ್ ಹೊತ್ತಿಗೆ ಹುಲ್ಲು ಕಾಣುತ್ತದೆ. ಇಲ್ಲಿ ಋತು ನವೆಂಬರ್ ಕೊನೆಯಿಂದ ಏಪ್ರಿಲ್ ಕೊನೆ ಅಥವಾ ಮೇ ಮೊದಲ ದಿನಗಳವರೆಗೆ ನಡೆಯುತ್ತದೆ. ಎತ್ತರದ ಊರಿಗೆ ಹೆಚ್ಚು ಹಣ ಕೊಟ್ಟು ಹೋಗುವುದಕ್ಕೆ ಅರ್ಥವಿರುವುದು ಇಂಥ ಹೊತ್ತಿನಲ್ಲೇ. ಸಿ ವಲಯದ ವಸಂತ ರಜೆ ಕೆಲವು ವರ್ಷ ತಡವಾಗಿ ಬರುತ್ತದೆ, ಆದ್ದರಿಂದ ಆ ವರ್ಷದ ಮುಚ್ಚುವ ದಿನಾಂಕ ನೋಡಿಕೊಂಡು ರಜೆಯ ಮೊದಲ ವಾರವನ್ನೇ ಹಿಡಿಯಿರಿ.

ಏಪ್ರಿಲ್ ಹಿಮಕ್ಕೆ ತನ್ನದೇ ವೇಳಾಪಟ್ಟಿ ಇದೆ. ಹಗಲು ಕರಗಿದ್ದು ರಾತ್ರಿ ಗಟ್ಟಿಯಾಗುತ್ತದೆ. ಒಂಬತ್ತಕ್ಕೆ ಹೋದರೆ ಗಾಜಿನ ಹಾಗೆ ಜಾರುತ್ತದೆ, ಹೊಸಬರಿಗೆ ಅದು ಭಯ ಹುಟ್ಟಿಸುತ್ತದೆ. ಹತ್ತರಿಂದ ಹನ್ನೆರಡೂವರೆವರೆಗೆ ಮೇಲಿನ ಒಂದೆರಡು ಸೆಂಟಿಮೀಟರ್ ಸಡಿಲಗೊಂಡು ಅತ್ಯುತ್ತಮವಾಗಿರುತ್ತದೆ. ಎರಡರ ಮೇಲೆ ಕೆಸರಿನಂತೆ ಸ್ಕೀಯನ್ನು ಹಿಡಿದು ನಿಲ್ಲಿಸುತ್ತದೆ, ಮಂಡಿ ತಿರುಚಿಕೊಳ್ಳುವ ಪೆಟ್ಟುಗಳು ಹೆಚ್ಚಾಗುವುದು ಆಗ. ಬೆಳಗಿನ ಬಿಸಿಲು ಬೀಳುವ ಇಳಿಜಾರಿಗೆ ಮೊದಲು ಹೋಗಿ, ಮಧ್ಯಾಹ್ನಕ್ಕೆ ಮುಗಿಸಿಬಿಡಿ. ಮಗಳ ಪಾಠವೂ ಬೆಳಗಿನದೇ ಇರಲಿ.

ಸ್ಕೀ ಶಾಲೆ: ಕೆಂಪು ಅಂಗಿಯವರ ಇಎಸ್‌ಎಫ್ (ಫ್ರೆಂಚ್ ಸ್ಕೀ ಶಾಲೆ) ಇದೆ, ಬೇರೆ ಶಾಲೆಗಳೂ ಇವೆ. ಮಕ್ಕಳಿಗೆ ಪಿಯೂ ಪಿಯೂ, ಊರ್ಸೋಂ, ಫ್ಲೋಕೋಂ, ಆಮೇಲೆ ಮೊದಲನೆಯ ನಕ್ಷತ್ರ ಎಂದು ಮಟ್ಟಗಳು. ಪ್ಯಾರಿಸ್‌ನಲ್ಲಿ ಓದುವ ಮಗುವಿಗೆ ಫ್ರೆಂಚ್ ಬರುವುದರಿಂದ ಗುಂಪಿನಲ್ಲಿ ಸಲೀಸಾಗಿ ಸೇರಿಕೊಳ್ಳುತ್ತಾಳೆ. ನಿಮಗೂ ಕನಿಷ್ಠ ಮೂರು ಬೆಳಗಿನ ಪಾಠ ಬೇಕು. ಯಜಮಾನರು ಹೇಳಿಕೊಟ್ಟರೆ ಸಾಕು ಎಂದುಕೊಳ್ಳಬೇಡಿ. ನೀಲಿ ಪಿಸ್ಟ್ ಇಳಿಯಬಲ್ಲವರಿಗೆಲ್ಲ ಕಲಿಸಲು ಬರುವುದಿಲ್ಲ. ಮೊದಲ ದಿನ ಹಿಂದಕ್ಕೆ ವಾಲಿ ನಿಲ್ಲುವ ಅಭ್ಯಾಸ ಅಂಟಿಕೊಂಡರೆ ಬಿಡಿಸುವುದು ಬಲು ಕಷ್ಟ.

ಎತ್ತರದ ಕೊರತೆಯೂ ಗೊತ್ತಿರಲಿ. ಮರಗಳು ಕಡಿಮೆ. ಮೋಡ ಕವಿದರೆ ಮೇಲೆ ನೆಲ, ಆಕಾಶ ಎರಡೂ ಒಂದೇ ಬಿಳುಪಾಗಿ ಇಳಿಜಾರು ಎತ್ತ ಎಂದೇ ಕಾಣುವುದಿಲ್ಲ. ಅಂಥ ದಿನ ಲಾ ದಾಯ್, ಫೋರ್ನೆಗಳ ಕೆಳಗಿನ ಕಾಡಿನ ಅಂಚು ಬಿಟ್ಟರೆ ಬೇರೆ ಆಸರೆಯಿಲ್ಲ, ಅವೂ ಹೊಸಬರಿಗೆ ಕಡಿದು. ಪಾಠವಿದ್ದರೆ ಮೇಷ್ಟ್ರ ಹಿಂದೆ ಇರಿ, ಇಲ್ಲವಾದರೆ ಆ ದಿನ ಬಿಟ್ಟುಬಿಡಿ. ಯಜಮಾನರಿಗೆ ಒಂದು ಸೂಚನೆ: ಪಿಸ್ಟ್ ಬದಿಯ ಕಂಬಗಳಲ್ಲಿ ಇಳಿಯುವ ದಿಕ್ಕಿಗೆ ಬಲಗಡೆಯವಕ್ಕೆ ಮೇಲ್ತುದಿಯಲ್ಲಿ ಕಿತ್ತಳೆ ಬಣ್ಣ ಇರುತ್ತದೆ. ಕಂಬದ ಅಂಕಿಗಳು ಕೆಳಗಿಳಿದಂತೆ ಕಡಿಮೆಯಾಗುತ್ತ 1ಕ್ಕೆ ಬರುತ್ತವೆ. ಬಿದ್ದು ಸಹಾಯಕ್ಕೆ ಕರೆಯಬೇಕಾದಾಗ ಪಿಸ್ಟ್ ಹೆಸರು, ಕಂಬದ ಅಂಕಿ ಎರಡನ್ನೂ ಹೇಳಿದರೆ ನೇರ ಅಲ್ಲಿಗೇ ಬರುತ್ತಾರೆ. ತುರ್ತು ಸಂಖ್ಯೆ 112.

ಇಟಲಿ ಕಡೆಯಿಂದ ಬೆಟ್ಟ ದಾಟಿ ಬರುವ ‘ರೆತೂರ್ ದೆಸ್ತ್’ ಎಂಬ ಬಿರುಗಾಳಿ ಈ ಕಣಿವೆಯ ವಿಶೇಷ. ಅಕ್ಕಪಕ್ಕದ ಊರುಗಳಿಗೆ ನಾಲ್ಕು ಹನಿ ಹಿಮ ಬಿದ್ದಿದ್ದರೆ ಫೋರ್ನೆಯಲ್ಲಿ ಒಂದೇ ರಾತ್ರಿಗೆ ಮಂಡಿಯುದ್ದ ಬಿದ್ದಿರಬಹುದು. ಹಿಮಕುಸಿತದ ಭಯ ಇಲ್ಲಿ ಬರೀ ಮಾತಲ್ಲ. 1970ರ ಫೆಬ್ರವರಿಯಲ್ಲಿ ಊರಿನ ಒಂದು ವಸತಿಗೃಹದ ಮೇಲೇ ಕುಸಿದು 39 ಜನ ತೀರಿಕೊಂಡರು. ಆಮೇಲೆ ಫ್ರಾನ್ಸಿನಲ್ಲಿ ಬೆಟ್ಟದ ಊರುಗಳಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂಬ ಅಪಾಯದ ನಕ್ಷೆಗಳು ಬಿಗಿಯಾದವು. ಅಪಾಯದ ಮಟ್ಟವನ್ನು ದಿನವೂ 1ರಿಂದ 5ರವರೆಗಿನ ಅಂಕಿಯಲ್ಲಿ ಲಿಫ್ಟ್ ಬಳಿ ಹಾಕಿರುತ್ತಾರೆ. ನಿಮ್ಮವರು ಯಾರೂ ಗುರುತಿನ ಕಂಬಗಳ ಆಚೆ ಒಂದು ಹೆಜ್ಜೆಯೂ ಇಡಬಾರದು. ಯಾರೋ ಸ್ಕೀ ಮಾಡಿಕೊಂಡು ಹೋದ ಗುರುತು ಇದೆ ಎಂದರೆ ಆ ಜಾಗ ಸುರಕ್ಷಿತ ಎಂದು ಅರ್ಥವಲ್ಲ.

ಒಗ್ಗರಣೆ_ಯೂರೋಪ್:

ಊಟದ ವಿಷಯ ನಾನು ಹೇಳುತ್ತೇನೆ. ಹೋಟೆಲ್ ಬೇಡ, ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ. ಸವೊಯ್ ಸೀಮೆಯ ಊಟವೆಂದರೆ ಚೀಸ್, ಆಲೂಗಡ್ಡೆ, ಹಂದಿಮಾಂಸ. ತಾರ್ತಿಫ್ಲೆತ್ ಎಂಬ ಆಲೂಗಡ್ಡೆ ಚೀಸ್ ಅಡುಗೆಯಲ್ಲಿ ಹಂದಿಮಾಂಸದ ಚೂರು ಇದ್ದೇ ಇರುತ್ತದೆ. ಈರುಳ್ಳಿ ಸೂಪ್‌ಗೆ ಸಾಮಾನ್ಯವಾಗಿ ದನದ ಮೂಳೆಯ ಸಾರು. ಫಾಂಡ್ಯೂಗೆ ಬಿಳಿ ವೈನ್ ಹಾಕಿಯೇ ಚೀಸ್ ಕರಗಿಸುತ್ತಾರೆ. ರಾಕ್ಲೆತ್ (ಕರಗಿಸಿದ ಚೀಸ್) ಆದರೆ ಮಾಂಸದ ತಟ್ಟೆ ಬೇಡವೆಂದು ಹೇಳಿ ಬರೀ ಚೀಸ್, ಬೇಯಿಸಿದ ಆಲೂಗಡ್ಡೆ, ಉಪ್ಪಿನಕಾಯಿ ತರಿಸಬಹುದು. ಒಂದು ಸೂಕ್ಷ್ಮವನ್ನು ಅತ್ತೆಯವರಿಗೆ ಮೊದಲೇ ತಿಳಿಸಿಬಿಡುವುದು ಮರ್ಯಾದೆ: ಬೋಫೋರ್‌ನಂಥ ಇಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರಾದರೆ ಅದೂ ಆಗುವುದಿಲ್ಲ. ಕ್ರೋಝೇ ಎಂಬ ಪುಟ್ಟ ಚೌಕದ ಪಾಸ್ತಾಕ್ಕೆ ಕೆಲವರು ಮೊಟ್ಟೆ ಹಾಕುತ್ತಾರೆ, ಪೊಟ್ಟಣ ಓದಿ ಕೊಳ್ಳಿ.

ಅಡುಗೆ ಮಾಡುವವರಿಗೆ ಮುಖ್ಯವಾದ ಮಾತು: 1,850 ಮೀ.ನಲ್ಲಿ ನೀರು ಸುಮಾರು 94° ಸೆ.ಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಗಟ್ಟಿ ಉಳಿಯುತ್ತದೆ, ಅನ್ನವೂ ನಿಧಾನ. ಮೂರು ಲೀಟರಿನ ಪುಟ್ಟ ಕುಕ್ಕರ್ ಒಯ್ಯಿರಿ, ಮನೆಯಲ್ಲಿ ಕೂಗಿಸುವುದಕ್ಕಿಂತ ಒಂದು ಸೀಟಿ ಹೆಚ್ಚು ಕೂಗಿಸಿ. ಅಲ್ಲಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಇಂಡಕ್ಷನ್ ಒಲೆ, ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯಾಗುವುದೇ ಇಲ್ಲ. ತಳಕ್ಕೆ ಆಯಸ್ಕಾಂತ ಅಂಟುವ ಸ್ಟೀಲ್ ಕುಕ್ಕರ್ ಆಗಬೇಕು. ತೊಗರಿಬೇಳೆಯ ಬದಲು ಹೆಸರುಬೇಳೆ ಹೆಚ್ಚು ಒಯ್ದರೆ ಇನ್ನೂ ಸಲೀಸು.

ಮೈಸೂರಿನಿಂದ ಬರುವಾಗ ಸಾರಿನ ಪುಡಿ, ಬಿಸಿಬೇಳೆಬಾತ್ ಪುಡಿ, ಚಟ್ನಿಪುಡಿ, ಅವಲಕ್ಕಿ ತರಬಹುದು. ತುಪ್ಪ, ಪೇಡ ತರುವಂತಿಲ್ಲ. ಯೂರೋಪಿಯನ್ ಒಕ್ಕೂಟದೊಳಗೆ ಹೊರಗಿನ ಹಾಲಿನ ಪದಾರ್ಥ ಪ್ರಯಾಣಿಕರ ಚೀಲದಲ್ಲಿ ಬರುವಂತಿಲ್ಲ, ಸಿಕ್ಕಿದರೆ ಕಸಿದುಕೊಳ್ಳುತ್ತಾರೆ. ತರಕಾರಿ, ಹಾಲು, ಮೊಸರು ಊರಿನ ಅಂಗಡಿಗಳಲ್ಲಿ ಸಿಗುತ್ತವೆ, ಬೆಲೆ ಜಾಸ್ತಿ. ಕೆಳಗೆ ಕಣಿವೆಯ ಪಟ್ಟಣ ಬೂರ್ ಸೇಂ ಮೊರೀಸ್‌ನ ಸೂಪರ್‌ಮಾರ್ಕೆಟ್‌ನಲ್ಲಿ ವಾರದ ಸಾಮಾನು ತುಂಬಿಕೊಂಡು ಹತ್ತಿದರೆ ಒಳ್ಳೆಯದು.

ಇಝೇರ್_ಕಣಿವೆ:

ಪ್ರಯಾಣ: ರೈಲು. ಚಳಿಗಾಲದ ವಾರಾಂತ್ಯಗಳಲ್ಲಿ ಪ್ಯಾರಿಸ್ ಗಾರ್ ದ ಲಿಯೋಂನಿಂದ ಬೂರ್ ಸೇಂ ಮೊರೀಸ್‌ಗೆ ನೇರ ಟಿಜಿವಿ (ಅತಿವೇಗದ ರೈಲು) ಇದೆ, ಸುಮಾರು ಐದು ಗಂಟೆ. ನೇರ ರೈಲಿಲ್ಲದ ದಿನ ಶಾಂಬೆರಿಯಲ್ಲಿ ಬದಲಾಯಿಸಬೇಕು. ಬೂರ್ ಸೇಂ ಮೊರೀಸ್‌ನಿಂದ ಊರಿಗೆ 30 ಕಿ.ಮೀ.ಗಿಂತ ತುಸು ಹೆಚ್ಚು, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಮೇಲೆ. ಬಸ್ಸಿನ ಸೀಟನ್ನೂ ರೈಲಿನ ಜೊತೆಗೇ ಕಾದಿರಿಸಿ.

ಕಾರಾದರೆ ಶನಿವಾರ ಆಲ್ಬೆರ್‌ವಿಲ್‌ನಿಂದ ಮೂತಿಯೇವರೆಗೆ ಗಂಟೆಗಟ್ಟಲೆ ನಿಲ್ಲಬೇಕು. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರು ಅಥವಾ ಡಿಕ್ಕಿಯಲ್ಲಿ ಚೈನು ಇರಲೇಬೇಕು ಎಂದು ಕಾನೂನು. ಏಪ್ರಿಲ್‌ನಲ್ಲಿ ಕಾನೂನಿಲ್ಲ, ಹಿಮ ಮಾತ್ರ ಬೀಳಬಹುದು, ಆದ್ದರಿಂದ ಚೈನು ಇಟ್ಟುಕೊಂಡೇ ಹೋಗಿ. ಕತ್ತಲಲ್ಲಿ ರಸ್ತೆ ಬದಿಯಲ್ಲಿ ಮೊದಲ ಬಾರಿ ಕಟ್ಟುವ ಪಾಡು ಬೇಡ, ಮನೆಯಲ್ಲೇ ಒಮ್ಮೆ ಕಟ್ಟಿ ಬಿಚ್ಚಿ ನೋಡಿ. ಫೆಬ್ರವರಿಗೆ ಹೋಗುವ ಡೀಸೆಲ್ ಕಾರಿನವರು ಟ್ಯಾಂಕ್ ಅರ್ಧ ಖಾಲಿಯಾಗಿ ಬಂದು ಕೊನೆಯ ಹಂತದಲ್ಲಿ ಬೆಟ್ಟದ ಬುಡದ ಬಂಕಿನಲ್ಲಿ ತುಂಬಿಸಿಕೊಳ್ಳುವುದು ಕ್ಷೇಮ. ಬಯಲಿನ ಡೀಸೆಲ್ ತೀರಾ ಚಳಿಗೆ ಮೇಣದಂತಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇನ್ನೊಂದು: ಊರಿನ ಆಚೆ ಕೋಲ್ ದ ಲಿಝೆರಾಂ ಘಾಟಿ ಚಳಿಗಾಲವಿಡೀ ಮುಚ್ಚಿರುತ್ತದೆ. ಕೆಲವು ಜಿಪಿಎಸ್‌ಗಳು ಇಟಲಿ ಕಡೆಯಿಂದ ಆ ದಾರಿ ತೋರಿಸಿ ದಿಕ್ಕು ತಪ್ಪಿಸುತ್ತವೆ. ಒಳಹೋಗಲು ಹೊರಬರಲು ತೀನ್ ಅಣೆಕಟ್ಟಿನ ಪಕ್ಕದ ರಸ್ತೆ ಒಂದೇ. ಭಾರಿ ಹಿಮ ಬಿದ್ದರೆ ಅದನ್ನೂ ಕೆಲವು ಗಂಟೆ ಮುಚ್ಚುತ್ತಾರೆ. ಅತ್ತೆ ಮಾವನ ವಿಮಾನವನ್ನು ಮಾತ್ರ ವಾಪಸಾದ ದಿನವೇ ಇಟ್ಟುಕೊಳ್ಳಬೇಡಿ.

ತಂಗುವ ಜಾಗ: ಹಿರಿಯರಿರುವುದರಿಂದ ಊರ ನಡುವೆ, ಚರ್ಚಿನ ಹಿಂದಿನ ಓಣಿಗಳ ಕಡೆ ನೋಡಿ. ಮುಖ್ಯ ಬೀದಿಗೆ ಮುಖಮಾಡಿದ ಕೋಣೆಗಳಲ್ಲಿ ನಡುರಾತ್ರಿ ದಾಟಿದ ಮೇಲೂ ಬಾರುಗಳ ಗದ್ದಲ ಇರುತ್ತದೆ. ಲಾ ದಾಯ್ ಕಾಂಕ್ರೀಟಿನ ಗೋಪುರಗಳ ಬಡಾವಣೆ, ಅಗ್ಗ, ನೆಲದೊಳಗೆ ಓಡುವ ಫ್ಯೂನಿಕ್ಯುಲರ್ (ಹಗ್ಗ ಎಳೆಯುವ ಬೆಟ್ಟದ ರೈಲು) ಪಕ್ಕದಲ್ಲೇ ಇದೆ, ಹಳ್ಳಿಯ ಸೊಬಗು ಮಾತ್ರ ಇಲ್ಲ. ಲೆ ಫೋರ್ನೆ ನಿಜವಾದ ಹಳೇ ಹಳ್ಳಿ, ಪ್ರಶಾಂತ. ಅಂಗಡಿಗೆ ಬಸ್ ಹಿಡಿಯಬೇಕು.

ಕುಕ್ಕರಹಳ್ಳಿ_ಕೆರೆ:

ಇಷ್ಟು ವಿವರ ಕೊಟ್ಟದ್ದಕ್ಕೆ ಎಲ್ಲರಿಗೂ ಧನ್ಯವಾದ. ಏಪ್ರಿಲ್, ರೈಲು, ಅಪಾರ್ಟ್‌ಮೆಂಟ್ ಎಂದು ನಿರ್ಧಾರವಾಯಿತು. ಅತ್ತೆ ಮಾವನ ಹಗಲು, ಮಾವನ ಬಿ.ಪಿ., ಆಮೇಲೆ ಬೂಟಿನ ವಿಷಯ ಉಳಿದಿದೆ.

ಹಿಮಗಾಲು:

ಬಿ.ಪಿ. ಹತೋಟಿಯಲ್ಲಿದ್ದರೆ 1,850 ಮೀ.ನಲ್ಲಿ ಮಲಗುವುದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೂ ಮೈಸೂರಿನಲ್ಲಿ ಅವರನ್ನು ನೋಡುವ ಡಾಕ್ಟರಿಗೆ ‘ನೆತ್ತಿ 2,800 ಮೀ.’ ಎಂದು ಅಂಕಿ ಸಮೇತ ಹೇಳಿ ಕೇಳಿಕೊಂಡು ಬರಲಿ. ಊರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 80%, 3,000 ಮೀ.ನಲ್ಲಿ 70% ಮಾತ್ರ. ಮೊದಲೆರಡು ದಿನ ಊರಲ್ಲೇ ನಿಧಾನವಾಗಿ ಓಡಾಡಲಿ, ನೀರು ಹೆಚ್ಚು ಕುಡಿಯಲಿ, ಮೂರನೆಯ ದಿನ ಸೊಲೇಝ್‌ಗೆ ಹತ್ತಲಿ. ಮೇಲೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಮಾತ್ರೆ ನುಂಗಿ ಕೂರುವುದಲ್ಲ, ತಕ್ಷಣ ಗೊಂಡೋಲ ಹತ್ತಿ ಕೆಳಗಿಳಿಯುವುದೇ ಮದ್ದು.

ನಡೆದಾಡುವವರಿಗೆ ಬೇರೆ ಪಾಸ್ ಕೇಳಿ, ಸ್ಕೀ ಪಾಸಿಗಿಂತ ಬಹಳ ಅಗ್ಗ. ಸೊಲೇಝ್ ಮೇಲೆ ಮೊಮ್ಮಗಳು ಕಲಿಯುವುದನ್ನು ಬೆಚ್ಚಗೆ ಕೂತು ನೋಡಬಹುದು. ಸವೊಯ್ ಹಳ್ಳಿಗಳ ಬರೋಕ್ ಶೈಲಿಯ 1664ರ ಚರ್ಚು ಊರ ನಡುವೆ ಇದೆ. ಸುತ್ತ ಲೋಝ್ ಎಂಬ ಚಪ್ಪಡಿಕಲ್ಲು ಹೊದಿಸಿದ ಮಾಡುಗಳು. 1992ರ ಒಲಿಂಪಿಕ್ಸ್‌ನ ಹೊತ್ತಿಗೆ ಕಟ್ಟಿದ ಹೊಸ ಮನೆಗಳಿಗೂ ಅದೇ ಕಲ್ಲು, ಅದೇ ಮರ ಬಳಸಿದ್ದರಿಂದ ಊರು ಒಂದೇ ಕೈಯಲ್ಲಿ ಕಟ್ಟಿದಂತೆ ಕಾಣುತ್ತದೆ. ನದಿಯ ಬದಿಗೆ ನಡೆದಾಡುವ ದಾರಿಯಿದೆ. ಫೋರ್ನೆ ಕಡೆಗೆ ಹೋಗುವ ದಾರಿಯಲ್ಲಿ ಲಾದ್ರುವಾ ಎಂಬ ದನದ ಕೊಟ್ಟಿಗೆ ಇಂದಿಗೂ ನಡೆಯುತ್ತಿದೆ. ಸಂಜೆ ಹಾಲು ಕರೆಯುವುದನ್ನೂ ಬೆಳಿಗ್ಗೆ ಚೀಸ್ ಮಾಡುವುದನ್ನೂ ಹೋಗಿ ನೋಡಬಹುದು. ನಮ್ಮ ಹಿರಿಯರಿಗೆ ಈ ಊರಿನಲ್ಲಿ ಇದಕ್ಕಿಂತ ಹಿಡಿಸುವ ಜಾಗ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಈಜುಕೊಳವೂ ಇದೆ.

ಮಾವನಿಗೆ ಕ್ರೀಡೆಯಲ್ಲಿ ಆಸಕ್ತಿಯಿದ್ದರೆ ಊರಿನಿಂದಲೇ ಬೆಲ್ವಾರ್ದ್‌ನ ‘ಫಾಸ್’ ಎಂಬ ಕಡಿದಾದ ಇಳಿಜಾರು ತೋರಿಸಿ. 1992ರ ಒಲಿಂಪಿಕ್ಸ್‌ನ ಗಂಡಸರ ಡೌನ್‌ಹಿಲ್ (ನೇರ ಇಳಿಯುವ ವೇಗದ ಸ್ಕೀ ಪಂದ್ಯ) ಅಲ್ಲೇ ನಡೆದದ್ದು. ಸ್ವಿಸ್ ಸ್ಕೀಪಟು ಬೆರ್ನ್‌ಹಾರ್ಡ್ ರುಸ್ಸಿ ರೂಪಿಸಿದ ಆ ದಾರಿಯಲ್ಲಿ ಆಸ್ಟ್ರಿಯಾದ ಪಾಟ್ರಿಕ್ ಓರ್ಟ್‌ಲಿಬ್ ಚಿನ್ನ ಗೆದ್ದರು. 1968ರ ಗ್ರೆನೋಬ್ಲ್ ಕೂಟದಲ್ಲಿ ಮೂರು ಚಿನ್ನ ಗೆದ್ದ ಜಾನ್ ಕ್ಲೋದ್ ಕಿಲ್ಲಿ ಬೆಳೆದದ್ದು ಇದೇ ಊರಿನಲ್ಲಿ. 1948ರ ಡೌನ್‌ಹಿಲ್ ಚಾಂಪಿಯನ್ ಆಂರಿ ಓರೆಯೇ ಕೂಡ ಇಲ್ಲಿನವರೇ. ಇಬ್ಬರ ಹೆಸರಿನ ಮೊದಲಕ್ಷರ ಸೇರಿಸಿಯೇ ‘ಓಕೆ’ ಎಂಬ ಪಿಸ್ಟ್ ಇದೆ.

ಗೆಲುವು ಬೇಕೆಂದರೆ ಲಾ ದಾಯ್ ಗೊಂಡೋಲದ ತುದಿಯಲ್ಲಿ ಫೋಲೀ ದೂಸ್ ಎಂಬ ಸಂಗೀತದ ಬಾರು ಇದೆ. ಈಗ ಹಲವು ಊರುಗಳಲ್ಲಿರುವ ಆ ಹೆಸರು ಶುರುವಾದದ್ದು ಇಲ್ಲಿಂದ. ಮಧ್ಯಾಹ್ನದ ಮೇಲೆ ಹಾಡು, ಕುಣಿತ ಜೋರು. ಸ್ಕೀ ಬಾರದವರೂ ಗೊಂಡೋಲದಲ್ಲಿ ಹೋಗಿ ಬರಬಹುದು. ಮಗುವಿದ್ದಾಗ ಮೂರು ಗಂಟೆಯೊಳಗೆ ಇಳಿದುಬಿಡಿ, ಆಮೇಲೆ ಕುಡಿದವರ ನೂಕುನುಗ್ಗಲು.

ಬೈಂಡಿಂಗ್_ಬಿಗಿ:

ಬೂಟು ಸರಿಯಿದ್ದರೆ ಅರ್ಧ ಸ್ಕೀ ಬಂದಂತೆ. ಅಂಗಡಿಯಲ್ಲಿ ಅವಸರಪಡದೆ ಅರ್ಧ ಗಂಟೆ ಕೊಡಿ.

ಸ್ಕೀ ಬೂಟಿನ ಅಳತೆ ಪಾದದ ಸೆಂಟಿಮೀಟರಿನಲ್ಲಿ. ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಹೆಬ್ಬೆರಳವರೆಗೆ ಅಳೆದು 24.3 ಬಂದರೆ 24.5 ಕೇಳಿ, ‘ಸ್ವಲ್ಪ ದೊಡ್ಡದಿರಲಿ’ ಎಂದು 26 ಬೇಡ. ನೆಟ್ಟಗೆ ನಿಂತಾಗ ಬೆರಳು ಮುಂದುಗಡೆ ಹಗುರವಾಗಿ ತಾಕಬೇಕು, ಮಂಡಿ ಬಗ್ಗಿಸಿ ಮುಂದಕ್ಕೆ ಒರಗಿದಾಗ ಬೆರಳು ಹಿಂದೆ ಸರಿದು ಹಿಮ್ಮಡಿ ಅಲುಗದೆ ಕೂರಬೇಕು. ಹಿಮ್ಮಡಿ ಮೇಲೇಳುತ್ತಿದ್ದರೆ ಬೂಟು ದೊಡ್ಡದು. ದೊಡ್ಡ ಬೂಟನ್ನು ಬಿಗಿಮಾಡಲು ಕ್ಲಿಪ್ಪುಗಳನ್ನು ಎಳೆದೆಳೆದು ಹಾಕುತ್ತೀರಿ, ರಕ್ತ ಓಡದೆ ಪಾದ ಜೋಮು ಹಿಡಿದು ತಣ್ಣಗಾಗುತ್ತದೆ. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಿದರೂ ಇದೇ ಗತಿ. ಮೊಣಕಾಲವರೆಗೆ ಬರುವ ಒಂದೇ ಒಂದು ತೆಳು ಉಣ್ಣೆಯ ಸ್ಕೀ ಕಾಲುಚೀಲ ಸಾಕು, ಹತ್ತಿಯದು ಬೇಡ. ಒಳಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕಬೇಡಿ, ಆ ಹೊಲಿಗೆ ಸಂಜೆಯೊಳಗೆ ಕಣಕಾಲಿನ ಮುಂಭಾಗವನ್ನು ಕೆಂಪಾಗಿಸುತ್ತದೆ. ಕ್ಲಿಪ್ಪು ಹಾಕುವ ಮುನ್ನ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಮೇಲಿನ ಎರಡನ್ನು ಮೊದಲು ಹಾಕಿ, ಪಾದದ ಮೇಲಿನವನ್ನು ಹಗುರವಾಗಿ. ರಾತ್ರಿ ಬೂಟನ್ನು ತಣ್ಣನೆಯ ಕೋಣೆಯಲ್ಲಿ ಬಿಟ್ಟರೆ ಬೆಳಿಗ್ಗೆ ಪ್ಲಾಸ್ಟಿಕ್ ಮರಗಟ್ಟಿ ಕಾಲು ಒಳಹೋಗುವುದೇ ಇಲ್ಲ, ಬಿಸಿ ಇರುವ ಜಾಗದಲ್ಲಿಡಿ.

ಹೊಸಬರಿಗೆ ಸ್ಕೀ ಉದ್ದ ಗಲ್ಲದಿಂದ ಮೂಗಿನವರೆಗೆ ಇದ್ದರೆ ಸರಿ, ಮಗುವಿಗೆ ಎದೆಯಿಂದ ಗಲ್ಲದವರೆಗೆ. ಬೈಂಡಿಂಗ್ (ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಕೊಂಡಿ) ಬಿಡುವ ಬಲವನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಕೌಶಲ ಲೆಕ್ಕ ಹಾಕಿ ಕೂರಿಸುತ್ತಾರೆ. ತೂಕವನ್ನು ಕಡಿಮೆ ಹೇಳಬೇಡಿ, ಸ್ಕೀ ಸುಮ್ಮಸುಮ್ಮನೆ ಕಳಚುತ್ತದೆ. ಚೆನ್ನಾಗಿ ಬರುತ್ತದೆಂದು ಹೆಚ್ಚಿಸಿ ಹೇಳಿದರೆ ಬಿದ್ದಾಗ ಕಳಚುವುದಿಲ್ಲ, ಮಂಡಿ ಹೋಗುತ್ತದೆ. ಮಧ್ಯೆ ಬೂಟು ಬದಲಿಸಿದರೆ ಬೈಂಡಿಂಗನ್ನೂ ಮತ್ತೆ ಹೊಂದಿಸಲೇಬೇಕು. ಗೊಂಡೋಲದ ಬುಡದಲ್ಲೇ ರಾತ್ರಿ ಸಾಮಾನು ಇಡಲು ಬಿಡುವ ಅಂಗಡಿ ನೋಡಿ. ಮಗುವಿನ ಸ್ಕೀ, ನಿಮ್ಮ ಸ್ಕೀ ಎರಡನ್ನೂ ಹೊತ್ತು ಬೂಟಿನಲ್ಲಿ ನಡೆಯುವುದು ಕಷ್ಟ.

ಇಳಿಜಾರಿನಲ್ಲಿ ಸ್ಕೀ ಕಳಚಿದರೆ ಸ್ಕೀಯನ್ನು ಇಳಿಜಾರಿಗೆ ಅಡ್ಡವಾಗಿಟ್ಟು, ಬೂಟಿನ ಅಡಿಯ ಹಿಮವನ್ನು ಕೋಲಿನಿಂದ ಪೂರ್ತಿ ಕೆರೆದು, ಕೆಳಬದಿಯ ಕಾಲಿಗೆ ಮೊದಲು ಹಾಕಿ. ಅಟ್ಟೆಗೆ ಹಿಮ ಅಂಟಿದ್ದರೆ ಎಷ್ಟು ತುಳಿದರೂ ಬೈಂಡಿಂಗ್ ಕಚ್ಚುವುದಿಲ್ಲ.

ಹೆಲ್ಮೆಟ್‌ಗೆ ಫ್ರಾನ್ಸಿನಲ್ಲಿ ಕಡ್ಡಾಯವಿಲ್ಲ, ನಿಮ್ಮ ಮನೆಯಲ್ಲಿ ಕಡ್ಡಾಯ ಮಾಡಿ. ಕನ್ನಡಕ ಇರುವವರು ಅದರ ಮೇಲೆ ಕೂರುವ ಗಾಗಲ್ಸ್ ಕೇಳಬೇಕು. ಸಾವಿರ ಮೀ. ಏರಿದಂತೆ ನೇರಳಾತೀತ ಕಿರಣ ಸುಮಾರು 10% ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ 80%ವರೆಗೂ ತಿರುಗಿ ಮುಖಕ್ಕೆ ಎರಚುತ್ತದೆ. ಕಪ್ಪು ಮೈಬಣ್ಣದವರಿಗೆ ಸುಡುವುದಿಲ್ಲವೆಂಬ ನಂಬಿಕೆ ತಪ್ಪು: ಏಪ್ರಿಲ್‌ನಲ್ಲಿ ಎಸ್‌ಪಿಎಫ್ 50 ಕ್ರೀಮನ್ನು ಮೂಗಿನ ಕೆಳಗೆ, ಗಲ್ಲದ ಅಡಿಗೆ, ಕಿವಿಗೆ ಕೂಡ ಎರಡು ಗಂಟೆಗೊಮ್ಮೆ ಹಚ್ಚಿ. ಅತ್ತೆ ಮಾವ ಬರೀ ಕೂತು ನೋಡಿದರೂ ಕಪ್ಪು ಕನ್ನಡಕ ಬೇಕೇ ಬೇಕು. ಅವರ ಬೂಟಿಗೆ ಸಿಕ್ಕಿಸುವ ಮುಳ್ಳಿನ ರಬ್ಬರ್ ಪಟ್ಟಿ ಒಂದೊಂದು ಜೊತೆ ಕೊಳ್ಳಿ. ಬೆಳಗಿನ ರಸ್ತೆಯ ಮಂಜುಗಡ್ಡೆಯ ಮೇಲೆ ಹಿರಿಯರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಳ್ಳುವ ಸಂಭವ ಪಿಸ್ಟ್‌ಗಿಂತ ಬೀದಿಯಲ್ಲೇ ಹೆಚ್ಚು.

ಇಝೇರ್_ಕಣಿವೆ:

ವಿಮೆ ಬಿಟ್ಟುಹೋಗಿತ್ತು. ನಿಮ್ಮ ಕಾರ್ತ್ ವಿತಾಲ್ (ಫ್ರಾನ್ಸಿನ ಆರೋಗ್ಯ ವಿಮೆಯ ಕಾರ್ಡು) ಆಸ್ಪತ್ರೆಯ ಖರ್ಚಿಗೆ ಆಗುತ್ತದೆ, ಪಿಸ್ಟ್‌ನಿಂದ ಸ್ಲೆಡ್ಜ್‌ನಲ್ಲಿ ಇಳಿಸಿದ ಬಿಲ್ಲಿಗೆ ಆಗುವುದಿಲ್ಲ, ಅದು ನೂರಾರು ಯೂರೋ. ಪಾಸ್ ಕೊಳ್ಳುವಾಗಲೇ ಕಾರೇ ನೇಜ್ ಎಂಬ ದಿನದ ವಿಮೆ ಸೇರಿಸಿ, ದಿನಕ್ಕೆ ಕೆಲವೇ ಯೂರೋ. ನಿಮ್ಮ ಬ್ಯಾಂಕ್ ಕಾರ್ಡಿನಲ್ಲಿ ಆಗಲೇ ಇದೆಯೇ ಎಂದು ಮೊದಲು ನೋಡಿ. ಅತ್ತೆ ಮಾವನ ಷೆಂಗೆನ್ ವೀಸಾಕ್ಕೆ ಮಾಡಿಸುವ ವಿಮೆಯಲ್ಲಿ (ಕನಿಷ್ಠ 30,000 ಯೂರೋ) ಹಿಮದ ಆಟಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಅವರನ್ನು ಸ್ಲೆಡ್ಜ್ ಮೇಲೆ ಕೂರಿಸುವ ಮುನ್ನ ಆ ಷರತ್ತು ಓದಿ. ಊರಿನ ವೈದ್ಯಕೇಂದ್ರದಲ್ಲಿ ಎಕ್ಸ್‌ರೇ ಇದೆ, ಆಸ್ಪತ್ರೆ ಬೂರ್ ಸೇಂ ಮೊರೀಸ್‌ನಲ್ಲಿ.

ಪೂರ್ತಿ ಪಾಸ್ ಈಗ ದಿನಕ್ಕೆ 60 ಯೂರೋ ದಾಟಿದೆ. ನಿಮಗೂ ಮಗಳಿಗೂ ಮೊದಲೇ ಆರು ದಿನದ್ದು ಕೊಳ್ಳಬೇಡಿ. ಮೊದಲ ದಿನ ಉಚಿತ ಲಿಫ್ಟ್, ಆಮೇಲೆ ಹೊಸಬರ ಪಾಸ್ ಇದೆಯೇ ಎಂದು ಕೌಂಟರಿನಲ್ಲಿ ಕೇಳಿ, ಮೇಷ್ಟ್ರು ಹೇಳಿದಾಗ ಮಾತ್ರ ಪೂರ್ತಿಯದು. ಕಾರ್ಡನ್ನು ಎಡಗಡೆಯ ಜೇಬಿನಲ್ಲಿ ಒಂಟಿಯಾಗಿಡಿ. ಓದುವ ಯಂತ್ರ ಎಡಕ್ಕಿದೆ, ಫೋನು ಜೊತೆಗಿದ್ದರೆ ಗೇಟು ತೆರೆಯದು. ಚೇರ್‌ಲಿಫ್ಟ್ ಹತ್ತುವಾಗ ಕೋಲಿನ ಪಟ್ಟಿ ಮಣಿಕಟ್ಟಿನಿಂದ ತೆಗೆದಿರಲಿ, ಚೀಲ ಬೆನ್ನಿನಿಂದ ಮಡಿಲಿಗೆ ಬರಲಿ, ಮಗಳು ಸಿಬ್ಬಂದಿ ನಿಂತ ಬದಿಗೆ ಕೂರಲಿ, ಅವಳ ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು.